ಕುಲುಮೆ ಆರಿದ ಮೇಲೂ ಮಣ್ಣಿನಲ್ಲಿ ಉಳಿಯುವ ಆರ್ಸೆನಿಕ್

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ತಾಮ್ರದ ಬೇಡಿಕೆ ಏರುತ್ತಿರುವುದರ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ವಿದ್ಯುತ್ ವಾಹನ, ಸೌರ ವಿದ್ಯುತ್, ಹೊಸ ತಂತಿಮಾರ್ಗ ಇವೆಲ್ಲಕ್ಕೂ ತಾಮ್ರ ಬೇಕು, ಅದನ್ನು ದೇಶದಲ್ಲಿಯೇ ಕರಗಿಸಿ ಶುದ್ಧೀಕರಿಸುವುದು ಒಳ್ಳೆಯದು ಎಂಬ ಲೇಖಕರ ವಾದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಕಾರ್ಖಾನೆಗಳು ಮುಚ್ಚಿದ ಮೇಲೆ ಸುತ್ತಲಿನ ಭೂಮಿ ನಾಲ್ಕಾರು ಮಳೆಗಾಲಗಳಲ್ಲಿ ತಾನಾಗಿಯೇ ತೊಳೆದುಹೋಗಿ ಮೊದಲಿನಂತಾಗುತ್ತದೆ ಎಂಬ ಅರ್ಥದ ಒಂದು ಮಾತು ಅದರ ಕೊನೆಯ ಭಾಗದಲ್ಲಿದೆ. ಬಹುಕಾಲ ಮಣ್ಣುವಿಜ್ಞಾನ ಕಲಿಸಿದ ನನಗೆ ಈ ಮಾತನ್ನು ಓದಿ ಸುಮ್ಮನಿರಲು ಆಗಲಿಲ್ಲ. ಗಂಧಕದ ಹೊಗೆಯ ವಿಷಯದಲ್ಲಿ ಅದು ಸ್ವಲ್ಪಮಟ್ಟಿಗೆ ನಿಜವಿರಬಹುದು, ಆರ್ಸೆನಿಕ್ ವಿಷಯದಲ್ಲಿ ಖಂಡಿತವಾಗಿ ಅಲ್ಲ. ಆರ್ಸೆನಿಕ್ ಒಂದು ಮೂಲಧಾತು. ಅದು ಕೊಳೆಯುವುದಿಲ್ಲ, ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುವುದಿಲ್ಲ, ಬಿಸಿಲಿಗೆ ಅದು ನಾಶವಾಗುವುದಿಲ್ಲ. ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಅಷ್ಟೇ. ಯಾವಾಗ ಬದಲಿಸುತ್ತದೆ, ಯಾವಾಗ ಕದಲದೆ ಕೂರುತ್ತದೆ ಎಂಬುದನ್ನು ತಿಳಿಯದೆ ಆ ಮಣ್ಣಿನ ಮೇಲೆ ಮನೆ ಕಟ್ಟುವುದೂ ಗೊಬ್ಬರ ಹಾಕುವುದೂ ನೀರು ನಿಲ್ಲಿಸುವುದೂ ಅಪಾಯಕಾರಿ. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ತಾಮ್ರ, ಸೀಸ, ಚಿನ್ನ ಇವುಗಳ ಅದಿರಿನಲ್ಲಿ ಆರ್ಸೆನಿಕ್ ಅನೇಕ ಕಡೆ ಜೊತೆಯಲ್ಲಿಯೇ ಇರುತ್ತದೆ. ಕಬ್ಬಿಣ ಮತ್ತು ಗಂಧಕದೊಂದಿಗೆ ಸೇರಿಕೊಂಡ ಆರ್ಸೆನೋಪೈರೈಟ್, ತಾಮ್ರದೊಂದಿಗೆ ಸೇರಿಕೊಂಡ ಎನಾರ್ಗೈಟ್ ಇದಕ್ಕೆ ಹೆಸರಾದ ಖನಿಜಗಳು. ಇಂಥ ಅದಿರನ್ನು ಕುಲುಮೆಯಲ್ಲಿ ಹುರಿದಾಗ ಆರ್ಸೆನಿಕ್ ಆವಿಯಾಗಿ ಮೇಲೇಳುತ್ತದೆ, ಆಮ್ಲಜನಕದೊಡನೆ ಸೇರಿ ಆರ್ಸೆನಿಕ್ ಟ್ರೈಆಕ್ಸೈಡ್ ಆಗುತ್ತದೆ, ಹೊಗೆಯ ಹಾದಿಯಲ್ಲಿ ತಣ್ಣಗಾದಂತೆ ಬಿಳಿಯ ನುಣುಪಾದ ಧೂಳಾಗಿ ಬೀಳುತ್ತದೆ. ನಮ್ಮ ಹಳಬರು ಪಾಷಾಣವೆಂದು ಹೆದರುತ್ತಿದ್ದದ್ದು ಇದಕ್ಕೇ. ಕಾರ್ಖಾನೆಗಳು ಇದರಲ್ಲಿ ಒಂದು ಪಾಲನ್ನು ಹಿಡಿದು ಕೀಟನಾಶಕಕ್ಕೂ ಮರ ಕೆಡದಂತೆ ಕಾಪಾಡುವ ರಾಸಾಯನಿಕಕ್ಕೂ ಮಾರುತ್ತಿದ್ದವು. ಹಿಡಿಯಲು ಸಿಗದ ಅತಿ ಸೂಕ್ಷ್ಮ ಕಣಗಳು ಚಿಮಣಿಯಿಂದ ಹೊರಬಿದ್ದು ಗಾಳಿ ಒಯ್ದ ಕಡೆಗೆ ಹೋಗುತ್ತಿದ್ದವು.

ಎಷ್ಟು ದೂರ ಹೋಗಬಲ್ಲವು ಎನ್ನುವುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಉದಾಹರಣೆ ಸಾಕು. ನಗರಕ್ಕೆ ಹೊಂದಿಕೊಂಡ ರಸ್ಟನ್ ಎಂಬ ಪುಟ್ಟ ಊರಿನಲ್ಲಿ, ಸಮುದ್ರದ ಹಿನ್ನೀರಿನ ದಂಡೆಯ ಮೇಲೆ, 1890ರಲ್ಲಿ ಸೀಸ ಕರಗಿಸುವ ಕಾರ್ಖಾನೆ ಶುರುವಾಯಿತು. 1905ರಲ್ಲಿ ಅದು ಅಸಾರ್ಕೋ ಕಂಪನಿಯ ವಶಕ್ಕೆ ಬಂತು, 1912ರಲ್ಲಿ ತಾಮ್ರಕ್ಕೆ ತಿರುಗಿತು. ಬೇರೆಯವರು ಬೇಡವೆನ್ನುವ, ಆರ್ಸೆನಿಕ್ ಹೆಚ್ಚಿರುವ ಅದಿರನ್ನು ತರಿಸಿಕೊಂಡು ಕರಗಿಸುವುದೇ ಆ ಕಾರ್ಖಾನೆಯ ವೈಶಿಷ್ಟ್ಯವಾಗಿತ್ತು. ಸುತ್ತಲಿನವರ ದೂರಿಗೆ ಉತ್ತರವಾಗಿ 1917ರಲ್ಲಿ 571 ಅಡಿ ಎತ್ತರದ ಚಿಮಣಿ ಕಟ್ಟಿದರು. ಹೊಗೆಯನ್ನು ಎತ್ತರಕ್ಕೆ ಒಯ್ದರೆ ತೊಂದರೆ ತಪ್ಪುತ್ತದೆ ಎಂಬುದು ಅಂದಿನ ನಂಬಿಕೆ. ವಾಸ್ತವದಲ್ಲಿ ಎತ್ತರದ ಚಿಮಣಿ ಮಾಡಿದ್ದು ಹರಡುವ ಕೆಲಸವನ್ನು. ತಾಮ್ರದ ಕುಲುಮೆ 1985ರಲ್ಲಿ ನಿಂತಿತು, ಚಿಮಣಿಯನ್ನು 1993ರ ಜನವರಿಯಲ್ಲಿ ಉರುಳಿಸಿದರು. ಆ ಬಳಿಕ ರಾಜ್ಯ ಸರ್ಕಾರ ಮಣ್ಣನ್ನು ಪರೀಕ್ಷಿಸುತ್ತಾ ಹೋದಾಗ ಆರ್ಸೆನಿಕ್ ಮತ್ತು ಸೀಸ ಬಿದ್ದಿರುವ ಪ್ರದೇಶ 1,000 ಚದರ ಮೈಲಿಗೂ ಮೀರಿ ಹಲವು ಕೌಂಟಿಗಳಿಗೆ ಹರಡಿರುವುದು ಕಂಡಿತು. ಆ ಸೀಮೆಯ ಮಣ್ಣಿನ ಸ್ವಾಭಾವಿಕ ಪ್ರಮಾಣ ಕಿಲೋಗ್ರಾಂ ಮಣ್ಣಿಗೆ ಸುಮಾರು 7 ಮಿಲಿಗ್ರಾಂ. ಶುದ್ಧೀಕರಣಕ್ಕೆ ರಾಜ್ಯ ಇಟ್ಟುಕೊಂಡ ಮಟ್ಟ 20 ಮಿಲಿಗ್ರಾಂ. ಕಾರ್ಖಾನೆಯ ಹತ್ತಿರದ ಮನೆಗಳ ಅಂಗಳದಲ್ಲಿ ಅದು ನೂರುಗಳಲ್ಲಿ ಇತ್ತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಟಕೋಮಾ ಮಳೆಗೆ ಹೆಸರಾದ ಸೀಮೆ. ಅಲ್ಲಿ ದಶಕಗಟ್ಟಲೆ ಸುರಿದ ಮಳೆ ಈ ಆರ್ಸೆನಿಕ್ಕನ್ನು ಯಾಕೆ ತೊಳೆದುಕೊಂಡು ಹೋಗಲಿಲ್ಲ? ಆರ್ಸೆನಿಕ್ ಟ್ರೈಆಕ್ಸೈಡ್ ನೀರಿನಲ್ಲಿ ಕರಗುವ ವಸ್ತುವೇ. ಕರಗಿದ ಮೇಲೆ, ಗಾಳಿಯಾಡುವ ಮಣ್ಣಿನಲ್ಲಿ, ಅದು ಆಮ್ಲಜನಕ ಪಡೆದು ಆರ್ಸನೇಟ್ ಎಂಬ ರೂಪಕ್ಕೆ ಬರುತ್ತದೆ. ಆರ್ಸನೇಟ್‌ಗೆ ಋಣ ವಿದ್ಯುದಾವೇಶವಿದೆ. ಮಣ್ಣಿಗೆ ಕೆಂಪು, ಹಳದಿ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡುಗಳ ಮೈಮೇಲೆ ಆಮ್ಲೀಯ ಮತ್ತು ತಟಸ್ಥ ಸ್ಥಿತಿಯಲ್ಲಿ ಧನ ಆವೇಶವಿರುತ್ತದೆ. ಎರಡೂ ಬರಿಯ ಆಕರ್ಷಣೆಯಿಂದ ಹತ್ತಿರ ಬರುವುದಷ್ಟೇ ಅಲ್ಲ, ಆರ್ಸನೇಟ್ ಕಬ್ಬಿಣದ ಪರಮಾಣುಗಳಿಗೆ ನೇರವಾಗಿ ರಾಸಾಯನಿಕ ಬಂಧದಿಂದ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಆಕ್ಸೈಡುಗಳೂ ಇದೇ ಕೆಲಸ ಮಾಡುತ್ತವೆ. ಹೀಗೆ ಅಂಟಿಕೊಂಡದ್ದನ್ನು ಮಳೆನೀರು ಸುಲಭವಾಗಿ ಕೀಳಲಾರದು. ಆದ್ದರಿಂದಲೇ ಟಕೋಮಾದ ಕದಲದ ಭೂಮಿಯಲ್ಲಿ ಆರ್ಸೆನಿಕ್ಕಿನ ಬಹುಪಾಲು ಮೇಲಿನ ಅರ್ಧ ಅಡಿ, ಹೆಚ್ಚೆಂದರೆ ಒಂದು ಅಡಿ ಮಣ್ಣಿನಲ್ಲಿಯೇ ಇಂದಿಗೂ ಕುಳಿತಿದೆ.

ಇದರಿಂದ ಮೊದಲು ಒಳ್ಳೆಯ ಸುದ್ದಿ ಸಿಕ್ಕಂತೆ ತೋರುತ್ತದೆ: ಅಂತರ್ಜಲಕ್ಕೆ ಇಳಿಯಲಿಲ್ಲವಲ್ಲ! ಆದರೆ ಮೇಲ್ಮಣ್ಣೇ ಮಕ್ಕಳು ಆಡುವ ಮಣ್ಣು, ಸೊಪ್ಪು ಬೆಳೆಯುವ ಮಣ್ಣು, ಬೇಸಿಗೆಯಲ್ಲಿ ಧೂಳಾಗಿ ಮನೆಯೊಳಗೆ ಬರುವ ಮಣ್ಣು. ಮಕ್ಕಳು ಕೈ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವೇ ಇಲ್ಲಿ ವಿಷ ಒಳಹೋಗುವ ದೊಡ್ಡ ದಾರಿ. ಹೀಗಾಗಿ ವಾಷಿಂಗ್ಟನ್ ರಾಜ್ಯದವರು ಶಾಲೆ, ಶಿಶುವಿಹಾರ, ಆಟದ ಮೈದಾನಗಳ ಮಣ್ಣನ್ನು ಮೊದಲು ಪರೀಕ್ಷಿಸಿದರು. ಇದು ವಿವೇಕದ ಕ್ರಮವೆಂದು ನನ್ನ ಅಭಿಪ್ರಾಯ.

ಅಲ್ಲಿನ ಇನ್ನೊಂದು ಸಂಗತಿಯನ್ನು ಮಣ್ಣಿನ ವಿದ್ಯಾರ್ಥಿಗಳು ಗಮನಿಸಬೇಕು. ನೋಡಲು ಅತ್ಯಂತ ಶುದ್ಧವೆನಿಸುವ ಜಾಗ, ಅಂದರೆ ಯಾರೂ ಅಗೆಯದ ಕಾಡು, ಅನೇಕ ಕಡೆ ಮನೆ ಕಟ್ಟಿದ ಜಾಗಕ್ಕಿಂತ ಹೆಚ್ಚು ಕಲುಷಿತವಾಗಿರುತ್ತದೆ. ಕಾರಣ ಸರಳ. ಮನೆ, ರಸ್ತೆ ಮಾಡುವಾಗ ಮೇಲ್ಮಣ್ಣನ್ನು ಕೆರೆದು ಸಾಗಿಸಿರುತ್ತಾರೆ, ಇಲ್ಲವೇ ಕೆಳಗಿನ ಶುದ್ಧ ಮಣ್ಣಿನೊಡನೆ ಬೆರೆಸಿರುತ್ತಾರೆ. ಕಾಡಿನಲ್ಲಿ ಎಲೆಗೊಬ್ಬರದ ಪದರವೂ ಅದರ ಕೆಳಗಿನ ಮಣ್ಣೂ ಬಿದ್ದದ್ದನ್ನು ಬಿದ್ದಲ್ಲಿಯೇ ಹಿಡಿದಿಟ್ಟುಕೊಂಡಿವೆ. ಕೆರೆದು ಸಾಗಿಸಿದ ಮಣ್ಣು ಎಲ್ಲಿಗೆ ಹೋಯಿತೋ ಅಲ್ಲಿ ಹೊಸದಾಗಿ ಮಲಿನ ಜಾಗವೊಂದು ಹುಟ್ಟಿರುತ್ತದೆ. ಒಂದೇ ಅಂಗಳದ ಎರಡು ಮೂಲೆಗಳ ಫಲಿತಾಂಶ ಒಂದಕ್ಕೊಂದು ಹೊಂದದಿರುವುದು ಹೀಗೆಯೇ. ಒಂದು ಕಡೆ ಒಂದು ಹಿಡಿ ಮಣ್ಣು ತೆಗೆದು, ಅದರ ಸಂಖ್ಯೆ ಹಿಡಿದು ಇಡೀ ಊರಿನ ಬಗ್ಗೆ ತೀರ್ಪು ಕೊಡುವವರನ್ನು ನಂಬಬಾರದು.

ಟಕೋಮಾದ ಉತ್ತರಕ್ಕೆ ಎವರೆಟ್ ಎಂಬ ಊರಿದೆ. ಅಲ್ಲಿಯೂ 1890ರ ದಶಕದಲ್ಲಿ ಒಂದು ಕುಲುಮೆಯಿತ್ತು, ಆರ್ಸೆನಿಕ್ ಶುದ್ಧೀಕರಿಸುವ ಘಟಕವೂ ಇತ್ತು. 1912ರಲ್ಲಿ ಅದು ನಿಂತಿತು, ಕಟ್ಟಡಗಳನ್ನು ಕೆಡವಿದರು, ಜಾಗ ಮಾರಾಟವಾಯಿತು, ಅದರ ಮೇಲೆ ಮನೆಗಳೆದ್ದವು. ಆ ನೆಲದಲ್ಲಿ ಏನಿದೆ ಎಂಬುದು ಮತ್ತೆ ಬೆಳಕಿಗೆ ಬಂದದ್ದು 1990ರಲ್ಲಿ. ಅಷ್ಟು ವರ್ಷ ಅಲ್ಲಿ ಬಾಳಿದವರು ತಮ್ಮ ತೋಟದಲ್ಲಿ ಅಗೆಯುತ್ತಿರುವುದು ಪಾಷಾಣ ಕಾರ್ಖಾನೆಯ ಅವಶೇಷವೆಂದು ತಿಳಿಯದೆಯೇ ಬಾಳಿದರು. ಊರಿನ ನೆನಪು ಎರಡು ತಲೆಮಾರಿಗೆ ಅಳಿಸಿತು, ಮಣ್ಣಿನಲ್ಲಿದ್ದದ್ದು ಅಳಿಯಲಿಲ್ಲ. ಕಡೆಗೆ ಕೆಲವು ಮನೆಗಳನ್ನು ಕೊಂಡು ಕೆಡವಿ ಮಣ್ಣು ತೆಗೆಯಬೇಕಾಯಿತು. ಜಮೀನಿನ ದಾಖಲೆಯಲ್ಲಿ ಒಂದು ಸಾಲು ಬರೆದಿಟ್ಟಿದ್ದರೆ ಇದು ತಪ್ಪುತ್ತಿತ್ತೆಂದು ನನಗೆ ಪದೇ ಪದೇ ಅನ್ನಿಸುತ್ತದೆ.

ಮಣ್ಣು ಆರ್ಸೆನಿಕ್ಕನ್ನು ಹಿಡಿದಿಡುತ್ತದೆ ಎಂದೆ. ಅದು ಷರತ್ತಿನ ಮೇಲೆ ಹಿಡಿದಿಡುತ್ತದೆ ಎಂಬುದೇ ನಾನು ಹೇಳಬೇಕಾದ ಮಾತಿನ ತಿರುಳು.

ಮೊದಲ ಷರತ್ತು ಗಾಳಿ. ಮಣ್ಣಿನಲ್ಲಿ ನೀರು ನಿಂತು ಆಮ್ಲಜನಕ ತೀರಿದಾಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನು ಬಳಸುತ್ತವೆ. ಗಟ್ಟಿಯಾಗಿದ್ದ ಕಬ್ಬಿಣ ಕರಗುತ್ತದೆ, ಅದರ ಮೈಗೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬೀಳುತ್ತದೆ. ಅಷ್ಟರಲ್ಲಿ ಆರ್ಸನೇಟ್ ಕೂಡ ಆರ್ಸನೈಟ್ ಎಂಬ ಮತ್ತೊಂದು ರೂಪಕ್ಕೆ ಇಳಿದಿರುತ್ತದೆ. ಸಾಧಾರಣ ಮಣ್ಣಿನ ಸ್ಥಿತಿಯಲ್ಲಿ ಆರ್ಸನೈಟ್‌ಗೆ ವಿದ್ಯುದಾವೇಶವಿಲ್ಲ, ಆದ್ದರಿಂದ ಅದು ಸುಲಭವಾಗಿ ಹರಿದಾಡುತ್ತದೆ. ಅದರ ವಿಷವೂ ಹೆಚ್ಚು ತೀಕ್ಷ್ಣ. ಬಂಗಾಳದ ಮುಖಜ ಭೂಮಿಯಲ್ಲಿ ಕೋಟ್ಯಂತರ ಜನರ ಕೊಳವೆಬಾವಿಗೆ ಆರ್ಸೆನಿಕ್ ಬಂದದ್ದು ಯಾವ ಕಾರ್ಖಾನೆಯಿಂದಲೂ ಅಲ್ಲ, ನೆಲದಡಿಯಲ್ಲಿ ಇದೇ ಕ್ರಿಯೆ ನಡೆದದ್ದರಿಂದ. ಟಕೋಮಾದ ಹೊಗೆ ಬಿದ್ದ ದಾರಿಯಲ್ಲಿದ್ದ ಸಣ್ಣ ಕೆರೆಗಳಲ್ಲಿಯೂ ಇದನ್ನು ಕಂಡಿದ್ದಾರೆ. ಬೇಸಿಗೆಯಲ್ಲಿ ಕೆರೆಯ ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಹೂಳಿನಲ್ಲಿದ್ದ ಹಳೆಯ ಆರ್ಸೆನಿಕ್ ನೀರಿಗೆ ಮರಳುತ್ತದೆ, ಅಲ್ಲಿನ ಪುಟ್ಟ ಜೀವಿಗಳ ಮೈಸೇರುತ್ತದೆ. ಕುಲುಮೆ ನಿಂತು ದಶಕಗಳಾದ ಮೇಲೂ ಇದು ನಡೆಯುತ್ತಿದೆ.

ಭತ್ತದ ವಿಷಯದಲ್ಲಿ ಈ ಷರತ್ತು ಇನ್ನಷ್ಟು ಮಹತ್ವದ್ದು. ನೀರು ನಿಲ್ಲಿಸಿದ ಗದ್ದೆ ಆರ್ಸನೈಟ್ ಹುಟ್ಟಲು ಹೇಳಿಮಾಡಿಸಿದ ಜಾಗ. ಭತ್ತದ ಬೇರು ಸಿಲಿಕಾನ್ ಹೀರಿಕೊಳ್ಳಲು ಇಟ್ಟುಕೊಂಡಿರುವ ದ್ವಾರಗಳಲ್ಲಿ ಆರ್ಸನೈಟ್ ಕೂಡ ಒಳನುಸುಳುತ್ತದೆ. ಗೋಧಿ, ಜೋಳದಂಥ ಧಾನ್ಯಗಳಿಗಿಂತ ಭತ್ತದಲ್ಲಿ ಆರ್ಸೆನಿಕ್ ಹೆಚ್ಚು ಸೇರುವುದು ಈ ಕಾರಣಕ್ಕೆ. ಗದ್ದೆಯನ್ನು ನಡುನಡುವೆ ಒಣಗಲು ಬಿಟ್ಟು ನೀರು ಕಟ್ಟಿದರೆ ಈ ಸೇರ್ಪಡೆ ತಗ್ಗುತ್ತದೆ. ನೀರೂ ಉಳಿಯುತ್ತದೆ.

ಎರಡನೆಯ ಷರತ್ತು ರಂಜಕ. ಆರ್ಸನೇಟ್ ಮತ್ತು ಫಾಸ್ಫೇಟ್ ರಚನೆಯಲ್ಲಿ ಒಂದನ್ನೊಂದು ಬಹಳ ಹೋಲುತ್ತವೆ, ಕಬ್ಬಿಣದ ಆಕ್ಸೈಡಿನ ಮೇಲೆ ಒಂದೇ ಜಾಗಕ್ಕಾಗಿ ಸ್ಪರ್ಧಿಸುತ್ತವೆ. ಸೂಪರ್ ಫಾಸ್ಫೇಟ್ ಅಥವಾ ಡಿಎಪಿ ಧಾರಾಳವಾಗಿ ಸುರಿದರೆ ಫಾಸ್ಫೇಟ್ ಆ ಜಾಗ ಹಿಡಿದು ಆರ್ಸನೇಟನ್ನು ಹೊರದಬ್ಬುತ್ತದೆ. ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಅಲ್ಲಿ ಹಿಂದೆ ಹುಳ ಕೊಲ್ಲಲು ಸೀಸದ ಆರ್ಸನೇಟ್ ಸಿಂಪಡಿಸುತ್ತಿದ್ದರು, ಆ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದಾಗ ಆರ್ಸೆನಿಕ್ ಕೆಳಕ್ಕೆ ಇಳಿಯುವುದು ಹೆಚ್ಚಾಯಿತು.

ಮೂರನೆಯದು ಮಣ್ಣಿನ ರಸಸಾರ, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ (ಪಿಎಚ್). ಕ್ಷಾರ ಹೆಚ್ಚಿದಂತೆ ಕಬ್ಬಿಣದ ಆಕ್ಸೈಡಿನ ಧನ ಆವೇಶ ಕುಗ್ಗುತ್ತದೆ, ಆರ್ಸನೇಟ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಇಲ್ಲಿ ಒಂದು ಇಕ್ಕಟ್ಟು ಇದೆ. ಶುದ್ಧೀಕರಣದ ಹೆಸರಿನಲ್ಲಿ ಒಳ್ಳೆಯ ಉದ್ದೇಶದಿಂದಲೇ ಕೆಡುಕಾಗುವುದು ಇಲ್ಲಿಯೇ. ಕುಲುಮೆಯ ಹೊಗೆಯಲ್ಲಿ ಆರ್ಸೆನಿಕ್ ಒಂಟಿಯಾಗಿ ಬರುವುದಿಲ್ಲ, ಸೀಸ ಮತ್ತು ಕ್ಯಾಡ್ಮಿಯಂ ಜೊತೆಗೆ ಬರುತ್ತವೆ. ಸೀಸ, ಕ್ಯಾಡ್ಮಿಯಂ ಧನ ಆವೇಶದ ಲೋಹಗಳು. ಅವುಗಳನ್ನು ಮಣ್ಣಿನಲ್ಲಿಯೇ ಕಟ್ಟಿಹಾಕಲು ಸುಣ್ಣ ಹಾಕುವುದು ಹಳೆಯ, ಅಗ್ಗದ, ಕೆಲಸ ಮಾಡುವ ವಿಧಾನ. ಸೀಸವನ್ನು ಕರಗದ ಖನಿಜವಾಗಿ ಮಾರ್ಪಡಿಸಲು ಫಾಸ್ಫೇಟ್ ಸೇರಿಸುವುದೂ ಒಪ್ಪಿತ ವಿಧಾನವೇ. ಆದರೆ ಆ ಎರಡೂ ಔಷಧಗಳು ಆರ್ಸೆನಿಕ್ಕಿಗೆ ಬಿಡುಗಡೆಯ ದಾರಿ ತೆರೆಯುತ್ತವೆ. ಸೀಸ ಹೆಚ್ಚಿದೆ ಎಂದು ವರದಿ ನೋಡಿ ಫಾಸ್ಫೇಟ್ ಸುರಿದ ಅಧಿಕಾರಿ ಅದೇ ಮಣ್ಣಿನ ಆರ್ಸೆನಿಕ್ಕನ್ನು ಬಾವಿಯ ಕಡೆಗೆ ನೂಕಿರಬಹುದು. ಆರ್ಸೆನಿಕ್ಕನ್ನು ಕಟ್ಟಲು ಬೇಕಾದದ್ದು ಕಬ್ಬಿಣ. ಕಬ್ಬಿಣದ ಸಲ್ಫೇಟ್ ಅಥವಾ ಕಬ್ಬಿಣದ ಪುಡಿ ಬೆರೆಸಿದರೆ ಹೊಸ ಆಕ್ಸೈಡುಗಳು ಹುಟ್ಟಿ ಅದನ್ನು ಹಿಡಿಯುತ್ತವೆ. ಆದರೆ ಕಬ್ಬಿಣದ ಸಲ್ಫೇಟ್ ಮಣ್ಣನ್ನು ಹುಳಿಯಾಗಿಸುತ್ತದೆ, ಹುಳಿಯಾದ ಮಣ್ಣಿನಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಸಡಿಲಗೊಳ್ಳುತ್ತವೆ. ಹಾಗಾಗಿ ಅಳತೆ ನೋಡಿ ಸ್ವಲ್ಪ ಸುಣ್ಣವನ್ನೂ ಜೊತೆಗೆ ಹಾಕಬೇಕಾಗುತ್ತದೆ. ಇಂಥ ಮಣ್ಣಿಗೆ ಮೊದಲು ಪ್ರಯೋಗಾಲಯದಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡದೆ, ಎಲ್ಲ ಲೋಹಗಳನ್ನೂ ಒಟ್ಟಿಗೆ ಅಳೆಯದೆ, ಯಾವ ಮದ್ದನ್ನೂ ಹಾಕಬಾರದು.

ಟಕೋಮಾದಲ್ಲಿಯೇ ಇನ್ನೊಂದು ಅನುಭವವಾಯಿತು. ಕರಗಿಸಿ ಉಳಿದ ಕಿಟ್ಟ ಕಲ್ಲಿನಂತೆ ಗಟ್ಟಿ, ಅದರಲ್ಲಿನ ಲೋಹಗಳು ಹೊರಬರುವುದಿಲ್ಲ ಎಂದು ನಂಬಿ ಅದನ್ನು ಬಂದರಿನ ಬಳಿಯ ಮರದ ದಿಮ್ಮಿಗಳ ಅಂಗಳಗಳಲ್ಲಿ ಜಲ್ಲಿಯಂತೆ ಹರಡಿದ್ದರು. ಮರದ ತೊಗಟೆ, ಪುಡಿ ಅದರ ಮೇಲೆ ಬಿದ್ದು ಕೊಳೆತಾಗ ಹುಟ್ಟಿದ ಆಮ್ಲಗಳು ಕಿಟ್ಟದಿಂದ ಆರ್ಸೆನಿಕ್ಕನ್ನೂ ಬೇರೆ ಲೋಹಗಳನ್ನೂ ಹೊರತೆಗೆದು ನೀರಿಗೆ ಸೇರಿಸಿದವು. ಕಿಟ್ಟವನ್ನು ರಸ್ತೆಗೆ, ತಗ್ಗು ತುಂಬಲು ಬಳಸುವ ಪ್ರಸ್ತಾಪಗಳು ನಮ್ಮಲ್ಲಿಯೂ ಬರುತ್ತವೆ. ಅದು ಯಾವುದರ ಜೊತೆ ಸೇರಲಿದೆ ಎಂಬುದನ್ನು ಕೇಳದೆ ಒಪ್ಪಿಗೆ ಕೊಡಬಾರದು.

ಇನ್ನು ಒಟ್ಟು ಪ್ರಮಾಣದ ಸಂಖ್ಯೆಯ ಮಾತು. ಕಿಲೋಗ್ರಾಂ ಮಣ್ಣಿನಲ್ಲಿ 100 ಮಿಲಿಗ್ರಾಂ ಆರ್ಸೆನಿಕ್ ಎಂದರೆ ಎಲ್ಲ ಕಡೆಯೂ ಒಂದೇ ಅಪಾಯವಲ್ಲ. ಅದು ಕಬ್ಬಿಣದ ಆಕ್ಸೈಡಿಗೆ ಬಿಗಿಯಾಗಿ ಅಂಟಿದ್ದರೆ ಹೊಟ್ಟೆಯ ಆಮ್ಲದಲ್ಲಿ ಒಂದು ಭಾಗ ಮಾತ್ರ ಕರಗುತ್ತದೆ. ಮೂಲ ಸಲ್ಫೈಡ್ ಖನಿಜದ ಹರಳಾಗಿಯೇ ಇದ್ದರೆ ಇನ್ನೂ ಕಡಿಮೆ. ಚಿಮಣಿಯಿಂದ ಬಿದ್ದ ಟ್ರೈಆಕ್ಸೈಡಿನ ಕಣವಾಗಿಯೇ ಉಳಿದಿದ್ದರೆ ಬಹುಪಾಲು ಕರಗುತ್ತದೆ. ಅಂಥ ಕಣಗಳು ಇಷ್ಟು ವರ್ಷ ಉಳಿಯಲಾರವು ಎಂದು ಯಾರಾದರೂ ಭಾವಿಸಬಹುದು. ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಚಿನ್ನದ ಗಣಿ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ 1940ರ ದಶಕದ ಕೊನೆಯಿಂದ 1999ರವರೆಗೆ ಆರ್ಸೆನೋಪೈರೈಟ್ ಇರುವ ಅದಿರನ್ನು ಹುರಿದರು. ಮೊದಲ ವರ್ಷಗಳಲ್ಲಿ ಹೊಗೆಗೆ ಯಾವ ತಡೆಯೂ ಇರಲಿಲ್ಲ. 1951ರಲ್ಲಿ ಆ ನೆಲದ ಮೂಲನಿವಾಸಿ ಡೆನೆ ಸಮುದಾಯದ ಒಂದು ಮಗು ಆರ್ಸೆನಿಕ್ ಬಿದ್ದ ಹಿಮದ ನೀರು ಕುಡಿದು ಸತ್ತಿತು. ಅಂದಿನ ಟ್ರೈಆಕ್ಸೈಡ್ ಕಣಗಳು ಬಂಡೆಗಳ ಮೇಲಿನ ತೆಳುಮಣ್ಣಿನಲ್ಲಿ ಕರಗದೆ ಉಳಿದಿರುವುದನ್ನು ಈ ಶತಮಾನದಲ್ಲಿ ಸೂಕ್ಷ್ಮದರ್ಶಕದಡಿ ಕಂಡಿದ್ದಾರೆ. ಆದ್ದರಿಂದ ಎಷ್ಟಿದೆ ಎಂಬುದರ ಜೊತೆಗೆ ಯಾವ ರೂಪದಲ್ಲಿದೆ, ಹೊಟ್ಟೆಯಲ್ಲಿ ಎಷ್ಟು ಕರಗುತ್ತದೆ ಎಂದೂ ಕೇಳಬೇಕು. ಹೊಟ್ಟೆಯ ರಸವನ್ನು ಹೋಲುವ ದ್ರಾವಣದಲ್ಲಿ ಮಣ್ಣನ್ನು ಕಲಕಿ ಇದನ್ನು ಅಳೆಯುವ ಪರೀಕ್ಷೆ ಈಗ ಇದೆ, ಅದು ದುಬಾರಿಯೂ ಅಲ್ಲ.

ಆ ಗಣಿಯಲ್ಲಿ ಹಿಡಿದಿಟ್ಟ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಧೂಳು ಇಂದಿಗೂ ನೆಲದಡಿಯ ಕೋಣೆಗಳಲ್ಲಿದೆ. ನೀರು ತಾಗದಂತೆ ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡುವ ಯೋಜನೆ ಅಲ್ಲಿ ನಡೆಯುತ್ತಿದೆ. ಅದರ ವೆಚ್ಚದ ಅಂದಾಜು 400 ಕೋಟಿ ಕೆನಡಾ ಡಾಲರು ದಾಟಿದೆ, ಅದನ್ನು ತೆರುತ್ತಿರುವವರು ಅಲ್ಲಿನ ತೆರಿಗೆದಾರರು. ಹೊಸ ಕಾಲದ ಕುಲುಮೆಗಳು ಹೊಗೆಯ ಆರ್ಸೆನಿಕ್ಕನ್ನು ಬಹುಮಟ್ಟಿಗೆ ಹಿಡಿಯುತ್ತವೆ ಎಂದು ಲೇಖಕರು ಬರೆದದ್ದು ಸರಿ. ಹಿಡಿದ ಮೇಲೆ ಅದು ಎಲ್ಲಿರುತ್ತದೆ, ಎಷ್ಟು ಕಾಲ, ಯಾರ ಹೊಣೆಯಲ್ಲಿ ಎಂಬುದೂ ಅದೇ ಲೇಖನದಲ್ಲಿ ಬರಬೇಕಿತ್ತು. ಭಾರತದಲ್ಲಿ 2024ರಲ್ಲಿ ಗುಜರಾತಿನ ಮುಂದ್ರಾದಲ್ಲಿ ದೊಡ್ಡ ತಾಮ್ರದ ಘಟಕ ಆರಂಭವಾಗಿರುವಾಗ ಇದು ದೂರದ ಪ್ರಶ್ನೆಯಲ್ಲ.

ಟಕೋಮಾದಲ್ಲಿ ಹಣ ಕೊಟ್ಟವರು ಯಾರು ಎಂದೂ ಹೇಳಬೇಕು. ಅಸಾರ್ಕೋ 2005ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಇತ್ಯರ್ಥದಲ್ಲಿ ಬಂದ ಹಣದಲ್ಲಿ ಸುಮಾರು 9.4 ಕೋಟಿ ಡಾಲರನ್ನು ರಾಜ್ಯ ಸರ್ಕಾರ ಈ ಹೊಗೆ ಬಿದ್ದ ಪ್ರದೇಶಕ್ಕೆ ಮೀಸಲಿಟ್ಟಿತು. 1,000 ಚದರ ಮೈಲಿಯ ಮಣ್ಣನ್ನು ಅಗೆದು ಬದಲಿಸಲು ಯಾವ ಹಣವೂ ಸಾಲದು. ಆದ್ದರಿಂದ ಅವರು ಆಯ್ಕೆ ಮಾಡಬೇಕಾಯಿತು. ಕಾರ್ಖಾನೆಯ ಪಕ್ಕದ ಮನೆಗಳಲ್ಲಿ 230 ಮಿಲಿಗ್ರಾಂ ದಾಟಿದ ಅಂಗಳದ ಮಣ್ಣನ್ನು ಕೇಂದ್ರದ ಪರಿಸರ ಸಂಸ್ಥೆ ತೆಗೆಸಿತು. ಅದರಾಚೆಯ ತೀವ್ರ ವಲಯದಲ್ಲಿ ಸರಾಸರಿ 100 ಮಿಲಿಗ್ರಾಂ ದಾಟಿದ ಅಂಗಳಗಳನ್ನು ರಾಜ್ಯ ಕೈಗೆತ್ತಿಕೊಂಡಿತು. ಉಳಿದೆಡೆ ಮೇಲ್ಮಣ್ಣನ್ನು ಕೆಳಗಿನ ಮಣ್ಣಿನೊಡನೆ ಆಳವಾಗಿ ಬೆರೆಸುವುದು, ಶುದ್ಧ ಮಣ್ಣು ಹೊದಿಸುವುದು, ಹುಲ್ಲು ಬೆಳೆಸುವುದು, ಪಾದರಕ್ಷೆ ಹೊರಗೆ ಬಿಡುವುದು, ತರಕಾರಿ ತೊಳೆಯುವುದು. ಇವು ಸಣ್ಣ ಕ್ರಮಗಳೆನಿಸಬಹುದು, ಆದರೆ ಮಗುವಿನ ಹೊಟ್ಟೆಗೆ ಹೋಗುವ ಮಣ್ಣನ್ನು ತಗ್ಗಿಸುವುದರಲ್ಲಿ ಇವುಗಳ ಪಾಲು ದೊಡ್ಡದು. ಆರ್ಸೆನಿಕ್ ಹೀರುವ ಟೆರಿಸ್ ವಿಟಾಟಾ ಎಂಬ ಜರೀಗಿಡವನ್ನು 2001ರಲ್ಲಿ ಗುರುತಿಸಿದಂದಿನಿಂದ, ಅದನ್ನು ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಉತ್ಸಾಹವೂ ಅಲ್ಲಲ್ಲಿ ಕೇಳಿಬರುತ್ತದೆ. ಗಿಡ ಹೀರುವುದು ನಿಜ. ಆದರೆ ಬಿಗಿಯಾಗಿ ಅಂಟಿದ್ದನ್ನು ಹೀರಲು ಬಹಳ ವರ್ಷ ಬೇಕು, ಕಟಾವು ಮಾಡಿದ ಸೊಪ್ಪು ಸ್ವತಃ ವಿಷದ ತ್ಯಾಜ್ಯವಾಗುತ್ತದೆ.

ನಮ್ಮ ರಾಜ್ಯದಲ್ಲಿ ಟಕೋಮಾದಂಥ ತಾಮ್ರದ ಕುಲುಮೆ ಇಲ್ಲ, ಇದೆಯೆಂದು ಹೇಳಿ ಯಾರನ್ನೂ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಆರ್ಸೆನೋಪೈರೈಟ್ ಹಟ್ಟಿ ಸೀಮೆಯ ಚಿನ್ನದ ಅದಿರಿನಲ್ಲಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ಕಿನಿಂದ ಜನರ ಅಂಗೈ, ಅಂಗಾಲು, ಮೈಚರ್ಮದ ಮೇಲೆ ಗಂಟು, ಕಲೆಗಳು ಎದ್ದದ್ದನ್ನು ವೈದ್ಯಕೀಯ ಅಧ್ಯಯನಗಳು ದಾಖಲಿಸಿವೆ. ನಿಂತುಹೋದ ಮಂಗಳೂರು ಚಿನ್ನದ ಗಣಿ (ಕರಾವಳಿಯ ಊರಲ್ಲ, ಅದೇ ತಾಲ್ಲೂಕಿನದು) ಆ ತಾಂಡಾದ ಸಮೀಪದಲ್ಲಿಯೇ ಇದೆ. ಬಂಡೆಯಿಂದಲೇ ಬಂದದ್ದೆಷ್ಟು, ಗಣಿ ಅಗೆದು ಮೇಲೆ ತಂದದ್ದೆಷ್ಟು ಎಂಬ ಚರ್ಚೆ ನಡೆಯಲಿ. ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದೆಂಬ ಮಿತಿ ಕುಡಿಯುವವರಿಗೆ ಎರಡೂ ಸಂದರ್ಭದಲ್ಲಿ ಒಂದೇ. ನನ್ನ ಚಿಂತೆ ಅದರ ಮುಂದಿನದು: ಅದೇ ನೀರನ್ನು ಹೊಲಕ್ಕೆ ಕಟ್ಟಿದಾಗ ಆರ್ಸೆನಿಕ್ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ನಮ್ಮ ಮಸಾರಿ ಭೂಮಿಯಲ್ಲಿ ಕಬ್ಬಿಣದ ಆಕ್ಸೈಡು ಹೆಚ್ಚು, ಅದು ತಕ್ಕಮಟ್ಟಿಗೆ ಹಿಡಿದಿಡಬಲ್ಲದು. ಎರೆಭೂಮಿ ಕ್ಷಾರದ್ದು, ರಸಸಾರ 8 ದಾಟಿರುವುದು ಸಾಮಾನ್ಯ. ಅಲ್ಲಿನ ಸುಣ್ಣದ ಅಂಶ ಸ್ವಲ್ಪ ಹಿಡಿದರೂ ಕಬ್ಬಿಣದ ಹಿಡಿತ ಸಡಿಲ. ಕಾಲುವೆ ಬಂದ ಮೇಲೆ ಇದೇ ಜಿಲ್ಲೆಗಳಲ್ಲಿ ಎರೆಭೂಮಿಗೆ ನೀರು ನಿಲ್ಲಿಸಿ ಭತ್ತ ಬೆಳೆಯುವುದು, ಡಿಎಪಿ ಧಾರಾಳವಾಗಿ ಹಾಕುವುದು ವಾಡಿಕೆಯಾಗಿದೆ. ಮೇಲೆ ಹೇಳಿದ ಮೂರೂ ಷರತ್ತುಗಳು ಒಟ್ಟಿಗೆ ಮುರಿಯಬಹುದಾದ ಜಾಗ ಇದು. ಅಲ್ಲಿನ ಅಕ್ಕಿ ವಿಷವೆಂದು ನಾನು ಹೇಳುತ್ತಿಲ್ಲ. ಅಳೆದು ನೋಡದೆ ಅಲ್ಲವೆಂದೂ ಹೇಳಲಾಗದು ಎನ್ನುತ್ತಿದ್ದೇನೆ.

ಆದರೆ ಅಳೆಯುವ ವ್ಯವಸ್ಥೆಯೇ ಇಲ್ಲ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಆರ್ಸೆನಿಕ್ ಇಲ್ಲ. ಬೆಳೆಗೆ ಏನು ಕೊರತೆ ಎಂದು ಹೇಳುವ ಕಾರ್ಡು, ಮಣ್ಣಿನಲ್ಲಿ ಇರಬಾರದ್ದು ಏನಿದೆ ಎಂದು ಹೇಳುವುದಿಲ್ಲ. ಅಷ್ಟೇ ಅಲ್ಲ, ರಂಜಕ ಕಡಿಮೆ ಎಂದು ಅದರಲ್ಲಿ ಬಂದರೆ ಇನ್ನಷ್ಟು ರಂಜಕ ಹಾಕಿ ಎಂಬ ಸಲಹೆಯೂ ಬರುತ್ತದೆ. ಕೇಂದ್ರ ಪರಿಸರ ಸಚಿವಾಲಯ 2025ರಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆ ನಿಯಮಗಳನ್ನು ಹೊರಡಿಸಿದ್ದು ಸ್ವಾಗತಾರ್ಹ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆ ಎಂಬ ಕಾರಣ ಕೊಟ್ಟು, ಬೇರೆ ಮಾಲಿನ್ಯದೊಂದಿಗೆ ಬೆರೆತ ಸಂದರ್ಭ ಬಿಟ್ಟರೆ, ಅದನ್ನು ಈ ನಿಯಮಗಳ ಹೊರಗಿಟ್ಟಿದ್ದಾರೆ. ಮಣ್ಣಿಗೆ ಈ ಭೇದ ಗೊತ್ತಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಕೃಷಿ ಇಲಾಖೆಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಇಷ್ಟನ್ನು ಕೇಳಿಕೊಳ್ಳುತ್ತೇನೆ. ಹಟ್ಟಿ ಮತ್ತು ಮಂಗಳೂರು ಖನಿಜ ಪಟ್ಟಿಯ ಹಳ್ಳಿಗಳಿಗಾದರೂ ಮಣ್ಣು ಪರೀಕ್ಷೆಯಲ್ಲಿ ಆರ್ಸೆನಿಕ್ ಸೇರಿಸಬೇಕು. ಮೇಲಿನ ಅರ್ಧ ಅಡಿ ಮತ್ತು ಅದರ ಕೆಳಗಿನ ಅರ್ಧ ಅಡಿ ಮಣ್ಣನ್ನು ಬೇರೆಬೇರೆಯಾಗಿ, ಒಂದು ಹೊಲಕ್ಕೆ ಹಲವು ಕಡೆ ತೆಗೆದು ನೋಡಬೇಕು. ಶಾಲೆ ಮತ್ತು ಅಂಗನವಾಡಿಗಳ ಅಂಗಳದಿಂದ ಆರಂಭಿಸಬೇಕು. ಫಲಿತಾಂಶವನ್ನು ಕಡತದಲ್ಲಿ ಇಡದೆ ಆಯಾ ಸರ್ವೆ ನಂಬರಿನ ಪಹಣಿಯಲ್ಲಿಯೇ ನಮೂದಿಸಬೇಕು. ನಿಂತ ಗಣಿಗಳ ಅರೆದ ಅದಿರಿನ ದಿಬ್ಬದಿಂದ ಮಣ್ಣು, ಮರಳು ಸಾಗಿಸುವುದನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸಬೇಕು. ಈ ಕೆಲಸಕ್ಕೆ ಬೇಕಾದ ಉಪಕರಣಗಳು ರಾಜ್ಯದ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಇವೆ, ಮಾಡಬಲ್ಲ ಯುವಕ ಯುವತಿಯರೂ ಇದ್ದಾರೆ. ಮುಂದಿನ ಮುಂಗಾರಿನ ನಾಟಿಗೆ ಮೊದಲು, ಹೊಲ ಒಣಗಿರುವಾಗಲೇ, ಮಾದರಿ ತೆಗೆಯುವುದು ಅನುಕೂಲ.

ತಮ್ಮ ವಿಶ್ವಾಸಿ,
ನಿವೃತ್ತ ಮಣ್ಣುವಿಜ್ಞಾನ ಅಧ್ಯಾಪಕ, ರಾಯಚೂರು